ಬಿಡುಗಡೆಯಾದವನು

ಸೆಪ್ಟೆಂಬರ್ 2, ಸೋಮವಾರ. ಸಂಜೆ

ಇವತ್ತು ಅಂಗಡಿಯಲ್ಲಿ ಒಂದು ಕನ್ನಡಕದ ಬಲಗಣ್ಣಿನ ಗ್ಲಾಸನ್ನು ಫ್ರೇಮಿನ ಎಡಗಡೆಯ ಅಳತೆಗೆ ತೇಯ್ದುಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಂತ ಬರೆಯೋಕೆ ಹೊರಟಿದ್ದೆ. ಸುಳ್ಳು. ಎರಡನೇ ಸಲ. ಮೊದಲನೆಯದು ಆ ಕಾಯಿಲೆಯ ವರ್ಷ ಆದದ್ದು.

ಓನರ್ ಬೈಯಲಿಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ಮುಖ ನೋಡಿದರು. "ಹೋಗ್ಲಿ ಬಿಡಿ, ಬೇರೆ ತರಿಸೋಣ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಆದದ್ದು ಹೇಗೆ ಅಂತ ಯೋಚಿಸ್ತಿದ್ದೆ. ಮಷೀನು ಓಡ್ತಿತ್ತು. ನೀರು ಚಿಮ್ಮುತ್ತಿತ್ತು. ಆ ಗುಂಯ್ ಅನ್ನೋ ಶಬ್ದದ ಒಳಗಿನಿಂದ... ಇಲ್ಲ. ಬರೆಯಲ್ಲ. ನಿದ್ದೆ ಸಾಲದು, ಅಷ್ಟೆ.

ಅನ್ನ ಮಿಕ್ಕಿದೆ. ನಾಳೆಗಾಗುತ್ತೆ.

ಸೆಪ್ಟೆಂಬರ್ 5, ಗುರುವಾರ

ನಿನ್ನೆ ಅಕ್ಕ ಬಂದಿದ್ದಳು. ಬುಧವಾರ ತಪ್ಪಿಸೋದಿಲ್ಲ. ಡಬ್ಬಿ ತುಂಬ ಪಲ್ಯ, ಒಗೆದು ಮಡಚಿದ ನನ್ನ ಎರಡು ಶರ್ಟು. ಬಂದವಳೇ ಸಿಂಕಿನಲ್ಲಿದ್ದ ಪಾತ್ರೆ ನೋಡಿ, "ಏನೋ ಪುಟ್ಟಾ, ಇದೇನು ಮ್ಯೂಸಿಯಮ್ಮಾ?" ಅಂದಳು. ನಲವತ್ತೇಳು ವರ್ಷದ ಪುಟ್ಟ ನಾನು.

ಒಂದು ಸುದ್ದಿ ತಂದಿದ್ದಳು. ಅಕ್ಟೋಬರ್‌ನಲ್ಲಿ ನಮ್ಮ ಸಭೆಯ ಮೂರು ದಿನದ ಕೂಟ. ಬೇರೆ ಊರುಗಳ ಸಭೆಯವರೂ ಬರ್ತಾರೆ. ಕೊನೆಯ ದಿನ ನನ್ನ ಸಾಕ್ಷಿ, ದೇವರು ನನ್ನನ್ನು ಹೇಗೆ ವಾಸಿಮಾಡಿದ ಅಂತ ಎಲ್ಲರ ಮುಂದೆ ಹೇಳೋದು. ಭಾವ ಹೇಳಿಬಿಟ್ಟಿದ್ದಾರಂತೆ. ಭಾವ ಸಭೆಯ ಹಿರಿಯರು, ಪ್ರಾರ್ಥನಾ ಗುಂಪು ಅವರದೇ. ಅವರು ಹೇಳಿದ ಮೇಲೆ ಮುಗೀತು.

"ಎಷ್ಟು ಸಲ ಹೇಳಿದ್ದೀನಿ ಅಕ್ಕಾ. ಜನಕ್ಕೂ ಬೇಜಾರಾಗಿರುತ್ತೆ."

"ಬೇಜಾರಾ? ನೀನು ಹೇಳುವಾಗ ಹೆಂಗಸರ ಕಡೆ ಬಂದು ಕೂತು ನೋಡು. ಒಬ್ಬರ ಸೆರಗೂ ಒಣಗಿರಲ್ಲ."

ನನ್ನ ಸಾಕ್ಷಿ ನನಗೆ ಬಾಯಿಪಾಠ. ತಲೆಯೊಳಗೆ ಒಂದು ಧ್ವನಿ ಮಾತಾಡ್ತಿತ್ತು. ರೇಡಿಯೋದಲ್ಲಿ ಆಟದ ವರದಿ ಹೇಳುವವನ ಹಾಗೆ, ನಾನು ಮಾಡೋದನ್ನೆಲ್ಲ ಹೇಳ್ತಿತ್ತು. ಈಗ ಕೈ ತೊಳೀತಾನೆ. ಈಗ ಬಾಗಿಲು ಹಾಕ್ತಾನೆ. ಹಾಕಿದ್ದು ಸಾಲದು, ಮತ್ತೆ ಹಾಕ್ತಾನೆ. ಕೆಲಸ ಬಿಟ್ಟೆ, ಊಟ ಬಿಟ್ಟೆ. ಭಾವನ ಮನೆಯ ಹಾಲ್‌ನಲ್ಲಿ ಎಲ್ಲರೂ ಉಪವಾಸ ಕೂತು ಪ್ರಾರ್ಥನೆ ಮಾಡಿದರು. ಪಾಸ್ಟರ್ ತಲೆ ಮೇಲೆ ಕೈ ಇಟ್ಟರು. ನೆಲಕ್ಕೆ ಬಿದ್ದೆ. ಎದ್ದಾಗ ಸದ್ದಿಲ್ಲ. ಮನೆಗೆ ಹೋಗಿ ಗುಳಿಗೆ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದೆ — ಈ ಮಾತಿಗೆ ಪ್ರತಿ ಸಲ ಚಪ್ಪಾಳೆ ಬೀಳುತ್ತೆ.

ಎಲ್ಲವೂ ನಿಜ. ಆ ಹೊತ್ತಿಗೆ ಗುಳಿಗೆ ಶುರುಮಾಡಿ ಕೆಲವು ವಾರ ಆಗಿತ್ತು, ವರದಿಗಾರನ ಗಂಟಲು ಆಗಲೇ ಇಳಿಯುತ್ತ ಬಂದಿತ್ತು — ಅದೂ ನಿಜ. ಅದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸೆಪ್ಟೆಂಬರ್ 8, ಭಾನುವಾರ. ಮಧ್ಯಾಹ್ನ

ಆರಾಧನೆ ಮುಗಿದು ಚಪ್ಪಲಿ ಹುಡುಕ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂರುವ ಟೀಚರಮ್ಮ ಬಂದು ನಿಂತರು. ಜೊತೆಗೆ ಮಗಳು. ಇಪ್ಪತ್ತು ಇಪ್ಪತ್ತೊಂದು ಇರಬಹುದು. ಕಾಲೇಜು ಬಿಡಿಸಿದ್ದಾರೆ. ದೊಡ್ಡ ಕನ್ನಡಕ, ಮೂಗಿನ ಮೇಲೆ ಜಾರ್ತಿತ್ತು. ಪ್ಯಾಡು ಸವೆದಿದೆ. ನನ್ನ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

"ಅಣ್ಣಾ, ಇವಳಿಗೂ ನಿಮ್ಮ ಥರಾನೇ" ಅಂದರು ಟೀಚರಮ್ಮ. ದನಿ ತಗ್ಗಿಸಿ. "ಏನೇನೋ ಕೇಳ್ಸುತ್ತಂತೆ. ವರ್ಷದಿಂದ ಗುಳಿಗೆ ತಗೋತಾಳೆ. ಬರೀ ನಿದ್ದೆ. ದಪ್ಪ ಆಗ್ತಿದಾಳೆ. ಮದುವೆ ಮಾಡೋದು ಹೇಗೆ ಹೇಳಿ. ನಿಮಗೆ ಆದ ಹಾಗೆ ಇವಳಿಗೂ ಬಿಡುಗಡೆ ಆಗಲ್ವಾ?"

"ಪ್ರಾರ್ಥನೆ ಮಾಡೋಣ" ಅಂದೆ.

"ಗುಳಿಗೆ ಇಟ್ಕೊಂಡು ಪ್ರಾರ್ಥನೆ ಮಾಡಿದ್ರೆ ಅದು ಅಪನಂಬಿಕೆ ಅಂತಾರೆ ಹಿರಿಯರು. ನೀವು ಏನಂತೀರಿ? ನೀವೇ ಎಸೆದ್ರಲ್ಲ."

ಭಾವ ಅಲ್ಲೇ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕ್ತಿದ್ದರು. ನನ್ನ ಕಡೆ ನೋಡಿ ನಕ್ಕರು.

"ದೇವರು ದಾರಿ ತೋರಿಸ್ತಾನೆ" ಅಂದೆ. ಎಲ್ಲಾ ಕಡೆಗೂ ಹೊಂದುವ ಮಾತು. ರೆಡಿಮೇಡ್ ಫ್ರೇಮಿನ ಹಾಗೆ.

ಮಗಳು ಇಷ್ಟು ಹೊತ್ತೂ ನನ್ನನ್ನೇ ನೋಡ್ತಿದ್ದಳು. ಅಮ್ಮ ಯಾರನ್ನೋ ಮಾತಾಡಿಸೋಕೆ ತಿರುಗಿದಾಗ ಹತ್ತಿರ ಬಂದು ಕೇಳಿದಳು: "ಅಂಕಲ್, ನಿಮ್ಮದು ಗಂಡಸಾ, ಹೆಂಗಸಾ?"

ಇಷ್ಟು ಸಾಕ್ಷಿ ಹೇಳಿದ್ದೀನಿ. ಇದನ್ನು ಯಾರೂ ಕೇಳಿರಲಿಲ್ಲ.

"ಗಂಡಸು" ಅಂದೆ.

"ನನ್ನದು ನಮ್ಮ ಹಳೇ ಪ್ರಿನ್ಸಿಪಾಲ್ ಮೇಡಂ ಥರ. ಯಾವಾಗ್ಲೂ ಬೈಯೋದೇ." ನಕ್ಕಳು. ನನಗೂ ನಗು ಬಂತು.

ಸೆಪ್ಟೆಂಬರ್ 10, ಮಂಗಳವಾರ

ಬಂದಿದೆ.

ಬರೆಯಲ್ಲ ಅಂದುಕೊಂಡಿದ್ದೆ. ಬರೆಯದಿದ್ದರೆ ಇನ್ಯಾರಿಗೆ ಹೇಳಲಿ. ಬೆಳಿಗ್ಗೆ ಹಲ್ಲುಜ್ಜುವಾಗ, ಮಷೀನಿನ ಸದ್ದಿಲ್ಲ ಏನಿಲ್ಲ, ಸ್ಪಷ್ಟವಾಗಿ — "ಉಜ್ಜುತಾನೆ. ಉಜ್ಜಲಿ." ಅದೇ ದನಿ. ಅದೇ ಬೇಸರದ ರಾಗ. ರಜೆ ಮುಗಿಸಿ ಡ್ಯೂಟಿಗೆ ಬಂದವನ ಹಾಗೆ.

ಬಚ್ಚಲ ನೆಲದ ಮೇಲೆ ಕೂತುಬಿಟ್ಟೆ. ಅಂಗಡಿಗೆ ಲೇಟಾಯ್ತು.

ಸೆಪ್ಟೆಂಬರ್ 15, ಭಾನುವಾರ

ಹೋದ ದುರಾತ್ಮ ಅಲೆದು ಅಲೆದು ವಾಪಸ್ಸು ಬರುತ್ತಂತೆ. ಬಿಟ್ಟು ಹೋದ ಮನೆ ಗುಡಿಸಿ ಒಪ್ಪವಾಗಿರೋದು ನೋಡಿ, ತನಗಿಂತ ಕೆಟ್ಟ ಏಳು ಜನರನ್ನು ಕರಕೊಂಡು ಬಂದು ಕೂತುಬಿಡುತ್ತಂತೆ. ಬೈಬಲ್ಲಿನ ಈ ಮಾತು ಸಣ್ಣವನಿದ್ದಾಗಿನಿಂದ ಗೊತ್ತು. ಆಗ ಲೆಕ್ಕ ಹಾಕ್ತಿದ್ದೆ, ಅಷ್ಟು ಜನ ಮಲಗೋದೆಲ್ಲಿ ಅಂತ.

ಈಗ ನಗು ಬರಲ್ಲ. ಇಡೀ ಆರಾಧನೆ ಅದೇ ಯೋಚನೆ. ಇದು ಕಾಯಿಲೆಯಾದರೆ ಡಾಕ್ಟರ ಹತ್ತಿರ ಹೋಗಬೇಕು. ದೆವ್ವವಾದರೆ ಭಾವನ ಹತ್ತಿರ ಹೋಗಬೇಕು. ಯಾವುದು ಅಂತ ನಾನು ಯಾರ ಹತ್ತಿರ ಕೇಳಬೇಕು? ಕೇಳಿದ ಕ್ಷಣ ಉತ್ತರ ಅವರದಾಗುತ್ತೆ.

ಒಂದು ಮಾತ್ರ ಬರೆದಿಡ್ತೀನಿ. ಭಾವನ ಮನೆಯ ಹಾಲ್‌ನಲ್ಲಿ ಆವತ್ತು ನೆಲಕ್ಕೆ ಬಿದ್ದಾಗ ಆದದ್ದು ನಾಟಕ ಅಲ್ಲ. ಯಾರೋ ಬಂದರು. ಮೈಮೇಲೆ ಬೆಚ್ಚಗಿನ ನೀರು ಹೊಯ್ದ ಹಾಗಾಯ್ತು. ಅವ್ವ ಸತ್ತ ಮೇಲೆ ಅಷ್ಟು ನೆಮ್ಮದಿಯಾಗಿ ಅತ್ತಿರಲಿಲ್ಲ. ಅದನ್ನು ಗುಳಿಗೆ ಅನ್ನೋಕೆ ನನ್ನಿಂದಾಗಲ್ಲ.

ಪಾಸ್ಟರ್ ಕೊನೆಗೆ ನನ್ನ ಭುಜ ತಟ್ಟಿ, "ತಯಾರಾಗ್ತಿದೀಯೇನಪ್ಪಾ ಕೂಟಕ್ಕೆ?" ಅಂದರು. ಹೂಂ ಅಂದೆ. ಅದೂ ಹೂಂ ಅಂತು.

ಸೆಪ್ಟೆಂಬರ್ 17, ಮಂಗಳವಾರ. ಸಂಜೆ

ಟೀಚರಮ್ಮನ ಮಗಳು ಅಂಗಡಿಗೆ ಬಂದಿದ್ದಳು. ಪ್ಯಾಡು ಹಾಕಿಸೋಕೆ. ಒಬ್ಬಳೇ. ಕೌಂಟರಿನ ಹುಡುಗಿ ಒಳಗೆ ಕಳಿಸಿದಳು.

ಸ್ಟೂಲಿನ ಮೇಲೆ ಕೂತಳು. ಕನ್ನಡಕ ತೆಗೆದಾಗ ಮುಖ ಬೇರೆಯೇ. ಕಣ್ಣ ಕೆಳಗೆ ಕಪ್ಪು. ಕಾಲು ಒಂದೇ ಸಮ ಅಲ್ಲಾಡಿಸ್ತಿದ್ದಳು.

"ನಿದ್ದೆ ಆಗ್ತಿಲ್ವಾ?"

"ಅಮ್ಮ ಗುಳಿಗೆ ನಿಲ್ಲಿಸಿದಾರೆ. ಹೋದ ವಾರದಿಂದ. ಮೈ ಹಗುರ ಆಗಿದೆ ಅಂಕಲ್. ತುಂಬಾ ಹಗುರ. ಮೇಡಮ್ಮೂ ಖುಷಿಯಾಗಿದಾರೆ, ಬೈತಾನೇ ಇಲ್ಲ. ಹೊಸ ಹೊಸ ವಿಷಯ ಹೇಳ್ಕೊಡ್ತಾರೆ."

"ಏನು ಹೇಳ್ಕೊಡ್ತಾರೆ?"

"ನಿಮಗೆ ಹೇಳಬಾರದಂತೆ."

ಸ್ಕ್ರೂ ಬಿಗಿಮಾಡ್ತಿದ್ದೆ. ಕೈ ಜಾರಿ ಡ್ರೈವರ್ ಬೆರಳಿಗೆ ಚುಚ್ಚಿತು. ಅವಳು ಬಗ್ಗಿ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು, ತುಂಬ ಹೊತ್ತು.

"ಅಂಕಲ್, ನಿಮ್ಮದು ಹೋಗೇ ಇಲ್ಲ ಅಲ್ವಾ?"

ಹೊರಗೆ ಓನರ್ ಯಾರಿಗೋ ಫ್ರೇಮು ತೋರಿಸ್ತಿದ್ದರು. ನನ್ನ ಎದುರು ಈ ಲೋಕದಲ್ಲಿ ನನ್ನ ಗುಟ್ಟು ಗೊತ್ತಾದ ಒಬ್ಬಳೇ ಒಬ್ಬಳು ಕೂತಿದ್ದಳು. ಹೇಳಬಹುದಿತ್ತು. ಹೇಳಿ, ಅಮ್ಮನ ಹತ್ತಿರ ಕರಕೊಂಡು ಹೋಗಬಹುದಿತ್ತು.

"ಹೋಗಿದೆ ಕಣಮ್ಮ" ಅಂದೆ.

ಕನ್ನಡಕ ಹಾಕಿಕೊಂಡಳು. ಸರಿಯಾಗಿ ಕೂತಿತು. "ಹಾಗಾದ್ರೆ ನನ್ನದೂ ಹೋಗುತ್ತೆ" ಅಂದಳು.

ಸೆಪ್ಟೆಂಬರ್ 19, ಗುರುವಾರ

ಟೀಚರಮ್ಮನ ನಂಬರು ಇದೆ. ಸಭೆಯ ವಾಟ್ಸಾಪ್ ಗುಂಪಿನಲ್ಲಿ. ತೆಗೆದು ನೋಡಿದೆ. ಡಿಪಿಯಲ್ಲಿ ಅಮ್ಮ ಮಗಳು ಇಬ್ಬರೂ.

ಮಾಡಲಿಲ್ಲ.

ಅಕ್ಟೋಬರ್ 3, ಗುರುವಾರ

ಆ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ.

ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಮನೆಯಿಂದ ಓಡಿ ಮೇನ್ ರೋಡಿಗೆ ಬಂದಳಂತೆ. ವ್ಯಾನಿನವನು ಬ್ರೇಕ್ ಹಾಕಿದ. ಪೂರ್ತಿ ನಿಲ್ಲಲಿಲ್ಲ. ಭುಜದ ಮೂಳೆ ಮುರಿದಿದೆ, ತಲೆಗೆ ಹೊಲಿಗೆ. ಜೀವಕ್ಕೆ ಅಪಾಯ ಇಲ್ಲ. ರೋಡಿನ ಮಧ್ಯೆ ಬಿದ್ದುಕೊಂಡೂ ಯಾರಿಗೋ "ಬರ್ತಿದೀನಿ ಮೇಡಂ, ಬರ್ತಿದೀನಿ" ಅಂತಿದ್ದಳಂತೆ.

ಇದು ನನಗೆ ಗೊತ್ತಾದದ್ದು ಗುಂಪಿನ ಮೆಸೇಜಿನಿಂದ. ಭಾವ ಹಾಕಿದ್ದು. ಸೈತಾನನು ಬಿಡಲು ಒಪ್ಪದೆ ಎದುರಾಡುತ್ತಿದ್ದಾನೆ, ಎಲ್ಲರೂ ಉಪವಾಸ ಪ್ರಾರ್ಥನೆ ಮಾಡಿ ಅಂತ. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರ. ನಾನೂ ಒಂದು ಒತ್ತಿದೆ. ಆಮೇಲೆ ಅಳಿಸಿದೆ. "ಈ ಮೆಸೇಜ್ ಅಳಿಸಲಾಗಿದೆ" ಅಂತ ಹಾಗೇ ಉಳಿದುಕೊಂಡಿದೆ, ಎಲ್ಲರಿಗೂ ಕಾಣೋ ಹಾಗೆ.

ಅದು ಇವತ್ತು ಸುಮ್ಮನಿದೆ. ವರದಿ ಮಾಡುವಂಥದ್ದು ನಾನು ಏನೂ ಮಾಡಿಲ್ಲ.

ಅಕ್ಟೋಬರ್ 4, ಶುಕ್ರವಾರ

ಹಾಫ್ ಡೇ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋದೆ. ಹಳೇ ಡಾಕ್ಟರೇ. ಕೂದಲು ಬೆಳ್ಳಗಾಗಿದೆ. ನನ್ನನ್ನು ನೋಡಿ, "ಓಹೋ, ಬಂದ್ರಾ? ಫಾಲೋ-ಅಪ್ಪಿಗೆ ಸ್ವಲ್ಪ ಲೇಟು" ಅಂದರು. ಬೇರೇನೂ ಹಂಗಿಸಲಿಲ್ಲ.

ಎಲ್ಲ ಹೇಳಿದೆ. ಹುಡುಗಿಯ ವಿಷಯವನ್ನೂ. ಡಾಕ್ಟರಮ್ಮನ ಕುತ್ತಿಗೆಯಲ್ಲಿ ಸಣ್ಣ ಶಿಲುಬೆ ಇರೋದು ಈ ಸಲ ಕಣ್ಣಿಗೆ ಬಿತ್ತು. ಕೇಳಿಬಿಟ್ಟೆ.

"ಡಾಕ್ಟ್ರೇ, ದೆವ್ವ ಇದೆಯಾ?"

ಪೆನ್ನು ಕೆಳಗಿಟ್ಟರು. "ಭಾನುವಾರ ನಾನೂ ಚರ್ಚಿಗೆ ಹೋಗ್ತೀನಿ ಕಣ್ರೀ. ಇಲ್ಲ ಅಂತ ಹೇಳೋವಷ್ಟು ನನಗೆ ಗೊತ್ತಿಲ್ಲ. ಆದ್ರೆ ಗುಳಿಗೆಗೆ ಹೆದರಿ ಓಡಿಹೋಗೋ ದೆವ್ವ ಇದ್ರೆ, ಅದನ್ನ ನಾನು ಕಾಯಿಲೆ ಅಂತಾನೇ ಬರ್ಕೋತೀನಿ."

"ಮತ್ತೆ ಪ್ರಾರ್ಥನೆ?"

"ಮಾಡಿ. ಬೇಡ ಅಂದವರು ಯಾರು? ನೀರು ಕುಡಿದು ಗುಳಿಗೆ ನುಂಗಿ, ಆಮೇಲೆ ಮಾಡಿ."

ಗುಳಿಗೆ ಕೊಂಡು ತಂದೆ. ಬಿಳಿ, ಸಣ್ಣದು. ಬಾಗಿಲು ಹಾಕಿ, ಬಾಯಿಗಿಟ್ಟುಕೊಂಡೆ. ತಿನ್ನಬಾರದ ಹಣ್ಣು ತಿನ್ನೋ ಹಾಗೆ. "ನುಂಗಿದ" ಅಂತು ಅದು. ನುಂಗಿದೆ.

ಅಕ್ಟೋಬರ್ 8, ಮಂಗಳವಾರ

ಪಾಸ್ಟರ್ ಮನೆಗೆ ಹೋಗಿದ್ದೆ. ಒಬ್ಬರೇ ಇದ್ದರು. ಕೂಟಕ್ಕೆ ಬಾಡಿಗೆ ಕುರ್ಚಿಯವನ ಜೊತೆ ಫೋನಿನಲ್ಲಿ ಜಗಳ ಆಡ್ತಿದ್ದರು. ಮುಗಿಸಿ ಬಂದು ಕೂತರು. ಹೇಳಿದೆ. ಧ್ವನಿ ಬಂದಿರೋದು, ಗುಳಿಗೆ ಶುರು ಮಾಡಿರೋದು, ಆಗಲೂ ಗುಳಿಗೆ ಇತ್ತು ಅನ್ನೋದು.

ಪಾಸ್ಟರ್ ತಮ್ಮ ಅಂಗೈ ನೋಡ್ಕೊಂಡು ಹೇಳಿದರು: "ಈ ಕೈ ನಿನ್ನ ತಲೆ ಮೇಲೆ ಇಟ್ಟಾಗ ನಿನ್ನ ಮೈ ನಡುಗಿದ್ದು ನನಗೆ ಗೊತ್ತಾಯ್ತಪ್ಪ. ನನ್ನ ಮೈಯೂ ನಡುಗ್ತು. ಅದು ಸುಳ್ಳಾ ಹಾಗಾದ್ರೆ?"

"ಸುಳ್ಳಲ್ಲ ಪಾಸ್ಟರೇ. ನನಗೂ ಗೊತ್ತು."

"ಮತ್ತೆ?"

"ಅದೂ ನಿಜ, ಇದೂ ನಿಜ. ನನಗೆ ಬಿಡಿಸಿ ಹೇಳೋಕೆ ಬರಲ್ಲ. ಆದ್ರೆ ಆ ಹುಡುಗಿ ನನ್ನ ಮಾತಿಂದ ರೋಡಿಗೆ ಓಡಿದಳು."

ಎದ್ದು ಕಿಟಕಿಯ ಹತ್ತಿರ ಹೋದರು. "ಈ ಸಲ ನೀನು ಮಾತಾಡೋದು ಬೇಡ. ಹುಷಾರಿಲ್ಲ ಅಂತ ನಾನೇ ಹೇಳ್ತೀನಿ. ಆಮೇಲೆ ನಿಧಾನಕ್ಕೆ ನೋಡೋಣ." ಸಿಟ್ಟಿಲ್ಲ. ಸುಸ್ತು ಅಷ್ಟೆ. ಅವರನ್ನೂ ಈ ಸಾಕ್ಷಿಯಿಂದಲೇ ಬೇರೆ ಸಭೆಯವರು ಕರೀತಾರೆ. ಪಾಪ, ಅವರ ಮನೆ ಗೋಡೆ ಮೇಲೆ ಒಂದು ಫೋಟೋ ಇದೆ. ನಾನು ಮೈಕು ಹಿಡಿದು ನಿಂತದ್ದು, ಪಕ್ಕದಲ್ಲಿ ಅವರು ಕಣ್ಣು ಮುಚ್ಚಿಕೊಂಡಿರೋದು.

"ಹುಷಾರಿಲ್ಲ ಅಂತ ಹೇಳ್ತೀರಲ್ಲ," ಅಂದೆ, "ಏನು ಹುಷಾರಿಲ್ಲ ಅಂತ ಹೇಳ್ತೀರಿ?"

ಪಾಸ್ಟರ್ ಫೋನು ಎತ್ತಿಕೊಂಡು ಕುರ್ಚಿಯವನಿಗೆ ಮತ್ತೆ ನಂಬರು ಒತ್ತಿದರು.

ಅಕ್ಟೋಬರ್ 13, ಭಾನುವಾರ. ನಾಲ್ಕು ಗಂಟೆ

ಬಾಗಿಲು ಹಾಕಿ ಕೂತಿದ್ದೀನಿ. ಮರೆಯೋ ಮೊದಲು ಬರೀಬೇಕು.

ಪಾಸ್ಟರ್ ನನ್ನ ಹೆಸರು ಬಿಟ್ಟಿದ್ದರು. ಆದ್ರೆ ಭಾವನಿಗೆ ಹೇಳಿರಲಿಲ್ಲ ಅಂತ ಕಾಣುತ್ತೆ. ಹಾಡು ಮುಗಿದದ್ದೇ ಭಾವ ಮೈಕಿನಲ್ಲಿ ಕರೆದುಬಿಟ್ಟರು. "ಬಾರಪ್ಪಾ, ಎಲ್ಲಿ ಬಚ್ಚಿಟ್ಕೊಂಡಿದೀಯ!" ಜನ ನಕ್ಕರು. ಪಾಸ್ಟರ್ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ನಾನು ಹೋದೆ. ಹೋಗ್ತೀನಿ ಅಂತ ನನಗೂ ಗೊತ್ತಿರಲಿಲ್ಲ.

ಹಾಲ್ ತುಂಬಿತ್ತು. ಅದು ಬಿಡುವಿಲ್ಲದೆ ಹೇಳ್ತಿತ್ತು — ಮೈಕು ಹಿಡಿದ, ಬೆವರ್ತಾನೆ, ಈಗ ಬಾಯಿ ಬಿಡ್ತಾನೆ. ಬಾಯಿ ಬಿಟ್ಟೆ.

"ಆವತ್ತು ಈ ಜನ ನನಗಾಗಿ ಊಟ ಬಿಟ್ಟು ಅತ್ತರು. ಆ ದಿನ ದೇವರು ನನ್ನ ಹತ್ತಿರ ಬಂದ ಅಂತ ಈಗಲೂ ನಂಬ್ತೀನಿ. ಆದ್ರೆ ಆಗ ನಾನು ಗುಳಿಗೆನೂ ತಗೋತಿದ್ದೆ. ಆಗಲೇ ವಾಸಿ ಆಗ್ತಾ ಇತ್ತು. ಅದನ್ನ ನಿಮಗೆ ಯಾವತ್ತೂ ಹೇಳಲಿಲ್ಲ. ಈಗ ಆ ಧ್ವನಿ ಮತ್ತೆ ಬಂದಿದೆ. ಇಲ್ಲಿ ನಿಂತಿರುವಾಗಲೂ ಕೇಳ್ತಿದೆ. ಗುಳಿಗೆ ಮತ್ತೆ ಶುರು ಮಾಡಿದ್ದೀನಿ. ಪ್ರಾರ್ಥನೆನೂ ಬಿಟ್ಟಿಲ್ಲ. ನನ್ನ ಮಾತು ಕೇಳಿ ಯಾರೂ ಗುಳಿಗೆ ಬಿಡಬೇಡಿ. ನಿಮ್ಮ ಮಕ್ಕಳಿಗೆ ಬಿಡಿಸಬೇಡಿ."

ಅಷ್ಟೇ. ಒಬ್ಬ ಅಜ್ಜ ಅಭ್ಯಾಸಬಲದಿಂದ "ಸ್ತೋತ್ರ!" ಅಂದು, ಆಚೀಚೆ ನೋಡಿ ಸುಮ್ಮನಾದ. ಫ್ಯಾನಿನ ಸದ್ದು. ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ಅಕ್ಕ. ಬಾಯಿ ಮೇಲೆ ಸೆರಗು.

ಆಮೇಲೆ ಭಾವ ಜೋರಾಗಿ ಹಾಡು ಎತ್ತಿಕೊಂಡರು. ಡ್ರಮ್ಮಿನವನು ತಡವರಿಸಿ ಸೇರಿಕೊಂಡ. ಎಲ್ಲರಿಗೂ ಬದುಕಿದೆವು ಅನ್ನಿಸಿರಬೇಕು, ಅಷ್ಟು ಗಟ್ಟಿಯಾಗಿ ಹಾಡಿದರು.

ಹಾಡು ಮುಗಿಯೋ ಮೊದಲೇ ಭಾವ ನನ್ನ ಭುಜಕ್ಕೆ ಕೈ ಹಾಕಿ ಪಕ್ಕದ ರೂಮಿಗೆ ಕರಕೊಂಡು ಹೋದರು. ಮುರಿದ ಕುರ್ಚಿ ಪೇರಿಸಿಡೋ ರೂಮು. ಒಂದರ ಮೇಲೆ ನನ್ನನ್ನು ಕೂರಿಸಿದರು. ಭಾವ, ಗುಂಪಿನ ಇನ್ನೂ ಮೂರು ನಾಲ್ಕು ಗಂಡಸರು. ತಲೆ ಮೇಲೆ ಕೈಗಳು. ಎಲ್ಲ ಒಟ್ಟಿಗೆ ಗದರಿಸೋಕೆ ಶುರು ಮಾಡಿದರು. ಬಿಟ್ಟು ಹೋಗು, ಬಿಟ್ಟು ಹೋಗು. ಕಾದೆ. ನಿಜವಾಗಿ ಕಾದೆ. ಆವತ್ತಿನ ಹಾಗೆ ಬೆಚ್ಚಗಾಗಬಹುದು ಅಂತ. ಕುತ್ತಿಗೆ ನೋಯ್ತು ಅಷ್ಟೇ.

"ಸಾಕು ಭಾವಾ" ಅಂದೆ.

ಇನ್ನೂ ಒತ್ತಿದರು.

"ಸಾಕು. ಕೈ ತೆಗೀರಿ. ನೋಯ್ತಿದೆ."

ಆಗ ಭಾವ ಬೇರೆಯವರ ಕಡೆ ತಿರುಗಿ ಹೇಳಿದರು: "ನೋಡಿ. ಈಗ ಮಾತಾಡ್ತಿರೋದು ಇವನಲ್ಲ."

ಅದಕ್ಕಿಂತ ಒಂಟಿಯಾದ ಜಾಗ ನಾನು ನೋಡಿಲ್ಲ. ನಾನೇ ಕಣ್ರೀ ಅಂದ್ರೂ ನಾನಲ್ಲ. ಅತ್ತರೆ ಅದು ಅಳೋದು. ಸುಮ್ಮನಿದ್ರೆ ಅದು ಹೊಂಚು ಹಾಕೋದು. ಒಳಗಿನವನು ಹೇಳ್ತಿದ್ದ — ಕೂತಿದ್ದಾನೆ, ಏಳಲ್ಲ. ಹೊರಗಿನವರೂ ಇವನು, ಇವನಿಗೆ, ಇವನೊಳಗೆ. ಇಬ್ಬರದೂ ಒಂದೇ ವ್ಯಾಕರಣ. ನನ್ನನ್ನು "ನೀನು" ಅನ್ನೋರು ಆ ರೂಮಿನಲ್ಲಿ ಯಾರೂ ಇರಲಿಲ್ಲ.

ಎದ್ದೆ. ಯಾರೋ ತೋಳು ಹಿಡಿದರು. ಪಾಸ್ಟರ್ ಬಾಗಿಲ ಹತ್ತಿರ ನಿಂತಿದ್ದರು. ಯಾವಾಗ ಬಂದರೋ. ಅವರು ಕೈ ಇಟ್ಟಿರಲಿಲ್ಲ. ಬಾಗಿಲಿಗೆ ಅಡ್ಡ ಇದ್ದ ಕುರ್ಚಿಯನ್ನು ಎತ್ತಿ ಪಕ್ಕಕ್ಕೆ ಇಟ್ಟರು.

ಹೊರಗೆ ಬಂದೆ. ಬಿಸಿಲು. ಬಸ್ಸು ಬರೋವರೆಗೆ ಕಾಯಲಿಲ್ಲ, ನಡೆದೇ ಬಂದೆ.

ಅಕ್ಟೋಬರ್ 14, ಸೋಮವಾರ

ಭಾವ ಫೋನ್ ಮಾಡಿದ್ದರು. ಸಿಟ್ಟಿರಲಿಲ್ಲ. ದನಿಯಲ್ಲಿ ಹೆದರಿಕೆ ಇತ್ತು. ನನಗೆ ಅದು ಗೊತ್ತಾಗುತ್ತೆ.

"ನೀನು ಸರಿಹೋಗೋವರೆಗೂ ಈ ಕಡೆ ಬರಬೇಡಪ್ಪ. ಮನೇಲಿ ಮಕ್ಕಳಿದಾರೆ. ಅವಳೂ ಬರಲ್ಲ. ತಪ್ಪು ತಿಳ್ಕೋಬೇಡ."

"ಅಕ್ಕನಿಗೆ ಕೊಡಿ."

"ಪ್ರಾರ್ಥನೆಗೆ ಕೂತಿದಾಳೆ."

ಹಿಂದೆ ನಲ್ಲಿ ಬಿಟ್ಟ ಸದ್ದು. ಪಾತ್ರೆ ಸದ್ದು. ತಟ್ಟೆಯ ಮೇಲೆ ತಟ್ಟೆ ಇಡುವ ರೀತಿ ಅಕ್ಕನದೇ, ಅವ್ವನಿಂದ ಬಂದದ್ದು. ನೀರು ನಿಂತಿತು. ಕೇಳಿಸ್ಕೊಳ್ತಿದ್ದಾಳೆ ಅಂತ ಅಂದುಕೊಂಡೆ.

"ಆಯ್ತು ಭಾವಾ" ಅಂದೆ.

ಅಕ್ಟೋಬರ್ 16, ಬುಧವಾರ

ಬರಲಿಲ್ಲ. ಪಾತ್ರೆ ನಾನೇ ತೊಳೆದೆ.

ಅಕ್ಟೋಬರ್ 23, ಬುಧವಾರ

ಓನರ್‌ಗೆ ಹೇಳಿದೆ. ಗುಳಿಗೆ ತಗೋತೀನಿ, ಬೆಳಿಗ್ಗೆ ಸ್ವಲ್ಪ ಮಂಕು ಅಂತ. "ಮಧ್ಯಾಹ್ನದವರೆಗೆ ಮಷೀನು ಮುಟ್ಟಬೇಡಿ, ಸ್ಕ್ರೂ ಪ್ಯಾಡು ನೋಡ್ಕೊಳ್ಳಿ" ಅಂದರು. ಹೊಸ ಹುಡುಗನ ಕೆಲಸ. ಇರಲಿ. ಕೌಂಟರಿನವಳು ಚಹಾ ತಂದಿಟ್ಟಳು, ಯಾವತ್ತೂ ತರದವಳು. ಸುದ್ದಿ ಇವಳವರೆಗೂ ಬಂದಿದೆ ಅಂತ ಗೊತ್ತಾಯ್ತು.

ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ. ಇವತ್ತೇ ನೋಡಿದೆ. ಯಾವಾಗ ತೆಗೆದರೋ.

ಬಾಯಿ ಒಣಗುತ್ತೆ. ಬೆಲ್ಟು ಒಂದು ತೂತು ಸಡಿಲ ಮಾಡಬೇಕಾಯ್ತು.

ಅದು ದೂರ ಹೋಗ್ತಿದೆ. ಗೋಡೆಯಾಚೆ ಮಾತಾಡಿದ ಹಾಗೆ. ಶಬ್ದ ಇದೆ, ಪದ ಇಲ್ಲ. ಸಂಜೆ ಬಂದು ಬಾಗಿಲು ತೆಗೆದೆ, ಚಪ್ಪಲಿ ಬಿಟ್ಟೆ, ದೀಪ ಹಾಕಿದೆ. ಯಾರೂ ಹೇಳಲಿಲ್ಲ, ದೀಪ ಹಾಕಿದ ಅಂತ. ನಿಂತೇ ಇದ್ದೆ. ಇದನ್ನು ಬರೆಯೋಕೆ ನಾಚಿಕೆ... ಅಷ್ಟು ಬೇಡಿಕೊಂಡದ್ದು ಇದಕ್ಕೇ ಅಲ್ವಾ. ಆದ್ರೂ ಈಗ ಈ ರೂಮಿನಲ್ಲಿ ನಾನು ಒಬ್ಬನೇ. ನಿಜವಾಗಿ ಒಬ್ಬನೇ.

ಅಕ್ಟೋಬರ್ 27, ಭಾನುವಾರ

ಸಭೆಗೆ ಹೋಗಲಿಲ್ಲ. ಆಸ್ಪತ್ರೆಗೆ ಹೋದೆ.

ಹುಡುಗಿಯನ್ನು ಮೂಳೆಯ ವಾರ್ಡಿನಿಂದ ಮೇಲಿನ ಮನೋರೋಗದ ವಾರ್ಡಿಗೆ ಹಾಕಿದ್ದಾರೆ. ಕೈ ಕುತ್ತಿಗೆಗೆ ಕಟ್ಟಿದ್ದಾರೆ. ನಿದ್ದೆ ಮಾಡ್ತಿದ್ದಳು. ಕನ್ನಡಕ ಮೇಜಿನ ಮೇಲೆ. ಒಂದು ಕಡ್ಡಿ ಬೆಂಡಾಗಿತ್ತು.

ಟೀಚರಮ್ಮ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲೀತಿದ್ದರು. ನನ್ನನ್ನು ನೋಡಿ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ನಿಂತಿದ್ದೆ.

"ನಿಮ್ಮ ಮಾತು ಕೇಳಿ ನಿಲ್ಲಿಸಿದೆ" ಅಂದರು ಕೊನೆಗೆ.

"ನಿಲ್ಲಿಸಿ ಅಂತ ನಾನು ಹೇಳಲಿಲ್ಲ ಟೀಚರಮ್ಮ." ಬಾಯಿಂದ ಬಂದುಬಿಟ್ಟಿತು.

"ಬೇಡ ಅಂತಲೂ ಹೇಳಲಿಲ್ಲ."

"ಇಲ್ಲ. ಹೇಳಲಿಲ್ಲ."

ಸಿಪ್ಪೆ ಒಂದೊಂದಾಗಿ ಕಾಗದದ ಮೇಲೆ ಇಟ್ಟರು. "ಅಂಗಡಿಯಿಂದ ಬಂದು ನನಗೆ ಹೇಳಿದಳು. ಅಂಕಲ್‌ದೂ ಹೋಗಿಲ್ಲ ಅಮ್ಮ, ಸುಳ್ಳು ಹೇಳಿದ್ರು ಪಾಪ ಅಂತ. ನಾನೇ ಅವಳಿಗೆ ಬೈದೆ. ದೇವಜನರ ಬಗ್ಗೆ ಹಾಗೆಲ್ಲ ಮಾತಾಡಬಾರದು ಅಂತ."

ಮಂಚದ ಕಂಬಿ ಹಿಡಿದುಕೊಂಡೆ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನ ಮುಖ ನೋಡಿ, ನನಗೋಸ್ಕರ ನಂಬಿದ ಹಾಗೆ ಮಾಡಿದ್ದಳು.

"ಕೂಟದಲ್ಲಿ ಏನೋ ಹೇಳಿದ್ರಂತೆ ನೀವು" ಅಂದರು ಟೀಚರಮ್ಮ. "ನಾನು ಇಲ್ಲಿದ್ದೆ. ಆಮೇಲೆ ಹಿರಿಯರು ಬಂದಿದ್ರು. ಅವನಿಗೆ ಮತ್ತೆ ಹಿಡಿದಿದೆ, ಅವನ ಮಾತು ತಲೆಗೆ ಹಾಕ್ಕೋಬೇಡಿ ಅಂದ್ರು."

"ನೀವು ಏನಂದ್ರಿ?"

"ಏನೂ ಅನ್ನಲಿಲ್ಲ. ಇವಳಿಗೆ ಗುಳಿಗೆ ಕೊಡೋ ಹೊತ್ತಾಗಿತ್ತು. ಕೊಟ್ಟೆ. ಅವರ ಮುಂದೆಯೇ."

ಕಿತ್ತಳೆಯ ಎರಡು ತೊಳೆ ನನ್ನ ಕಡೆ ಚಾಚಿದರು. ಮುಖ ನೋಡದೆ. ತಗೊಂಡೆ. ಹುಳಿ.

ಕನ್ನಡಕದ ಕಡ್ಡಿ ಸರಿಮಾಡಿ ಮೇಜಿನ ಮೇಲಿಟ್ಟು ಬಂದೆ. ಎದ್ದಾಗ ಹಾಕ್ಕೋತಾಳೆ.

ನವೆಂಬರ್ 3, ಭಾನುವಾರ. ಬೆಳಿಗ್ಗೆ

ಆರಾಧನೆಯ ಹೊತ್ತು. ಸ್ನಾನ ಮಾಡಿ, ಒಳ್ಳೇ ಶರ್ಟು ಹಾಕಿ, ಮಂಚದ ಮೇಲೆ ಕೂತಿದ್ದೀನಿ. ಎಲ್ಲೂ ಹೋಗೋಕಿಲ್ಲ. ಒಬ್ಬನೇ ಹಾಡೋಣ ಅಂತ ಶುರು ಮಾಡಿದೆ. ನಡುವೆ ಹೆಂಗಸರು ಎತ್ತಿಕೊಳ್ಳೋ ಸಾಲು ಬಂತು. ಅಲ್ಲಿ ನಿಂತುಹೋಯ್ತು.

ಹಾಗೇ ಮಾತಾಡಿದೆ ದೇವರ ಹತ್ತಿರ. ನೀನು ಆವತ್ತು ಬಂದದ್ದು ನಿಜ ತಾನೇ ಅಂತ ಕೇಳಿದೆ. ಉತ್ತರ ಬರಲಿಲ್ಲ. ಬಾರದೇ ಇದ್ದದ್ದು ಒಳ್ಳೆಯದಾಯ್ತು. ಬಂದಿದ್ದರೆ ಡಾಕ್ಟರಮ್ಮನಿಗೆ ಹೇಳಬೇಕಾಗ್ತಿತ್ತು. ಈ ಜೋಕು ಹೇಳೋಕೆ ಯಾರಾದ್ರೂ ಇರಬೇಕಿತ್ತು.

ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ.

ನಿಧಾನ. ಒಂದೊಂದು ತಿರುವಿನಲ್ಲೂ ನಿಂತು ನಿಂತು. ಮಂಡಿ ನೋವಿರೋರ ಹಾಗೆ. ಅಕ್ಕ ಹಾಗೇ ಹತ್ತೋದು. ಆದ್ರೆ ಆರಾಧನೆ ಇನ್ನೂ ಅರ್ಧ ಆಗಿರಲ್ಲ. ಅಕ್ಕ ಆರಾಧನೆ ಬಿಟ್ಟು ಎದ್ದುಬರೋಳಲ್ಲ. ಜ್ವರ ಬಂದರೂ ಬಿಟ್ಟೋಳಲ್ಲ.

ಬಾಗಿಲ ಹತ್ತಿರ ನಿಂತಿತು.

ಬಡೀತಾ ಇದೆ.

"ಪುಟ್ಟಾ."

ಏಳಲಿಲ್ಲ. ಬರೀತಾ ಇದ್ದೀನಿ. ಬೇಕು ಬೇಕು ಅನ್ನಿಸೋ ಧ್ವನಿಗಳೂ ಕೇಳಿಸಬಹುದು, ಹುಷಾರಾಗಿರಿ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಹೋಗಿ ತೆಗೆದು, ಖಾಲಿ ಮೆಟ್ಟಿಲು ನೋಡೋಕೆ ನನ್ನಿಂದಾಗಲ್ಲ.

"ಪುಟ್ಟಾ, ಇದ್ದೀಯೇನೋ? ಡಬ್ಬಿ ಭಾರ ಇದೆ ಕಣೋ. ನೀನು ತೆಗೀ."

ನೀನು ಅಂತು.

ಕೆಳಗಿನ ಮನೆಯ ನಾಯಿ ಬೊಗಳ್ತಿದೆ. ಮೆಟ್ಟಿಲ ಕಡೆಗೆ. ಬಿಡದೆ ಬೊಗಳ್ತಿದೆ. ನಾಯಿಗೂ ಕೇಳಿಸಿದೆ ಅಂದ್ರೆ —